ಎನ್‌ಕ್ರಿಪ್ಟ್ ಮಾಡಿದ ಎಕ್ಸ್‌ಟರ್ನಲ್ ಡ್ರೈವ್: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರದ ಕಡೆಯವರು ಮನೆಯ ಹಳೆಯ ದಸ್ತಾವೇಜು, ಫೋಟೊ, ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಲು ನನ್ನಲ್ಲಿಗೆ ಬರುತ್ತಿರುತ್ತಾರೆ. ನಾನು ನಿವೃತ್ತ ಶಿಕ್ಷಕ. ಇದು ನನ್ನ ವ್ಯಾಪಾರವಲ್ಲ, ಬಿಡಲಾಗದ ಹಂಬಲ. ಡಿಸ್ಕ್ ಕೈಗೆ ಬಂದ ದಿನ ಎಲ್ಲರೂ ಕೇಳುವುದು, ‘ಇದು ಬೇರೆಯವರಿಗೆ ಸಿಕ್ಕಿದರೆ?’ ಎಂದು. ವರ್ಷ ಕಳೆದ ಮೇಲೆ ಅವರಲ್ಲೇ ಕೆಲವರು ಬಂದು ಕೇಳುವುದು, ‘ಪಾಸ್‌ವರ್ಡ್ ಮರೆತಿದೆ, ಏನು ಮಾಡಲಿ?’ ಎಂದು. ಈ ಎರಡು ಪ್ರಶ್ನೆಗಳ ನಡುವೆ ಹುಟ್ಟಿದ ಮಿಕ್ಕ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಎನ್‌ಕ್ರಿಪ್ಟ್ ಮಾಡುವುದು ಎಂದರೆ ಡ್ರೈವಿಗೆ ಪಾಸ್‌ವರ್ಡ್ ಹಾಕುವುದೇ?

ಹೊರನೋಟಕ್ಕೆ ಹೌದು, ಒಳಗಿನ ಕೆಲಸ ಬೇರೆ. ವಿಂಡೋಸ್‌ಗೆ ಹಾಕಿರುವ ಲಾಗಿನ್ ಪಾಸ್‌ವರ್ಡ್ ಬಾಗಿಲಲ್ಲಿ ನಿಂತ ಕಾವಲುಗಾರನಂತೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಅವನಿಗೆ ಅಲ್ಲಿ ಕೆಲಸವಿಲ್ಲ, ಕಡತಗಳೆಲ್ಲ ತೆರೆದೇ ಇರುತ್ತವೆ. ಎನ್‌ಕ್ರಿಪ್ಟ್ ಮಾಡಿದಾಗ ಡಿಸ್ಕಿನ ಮೇಲೆ ಬರೆದ ಅಕ್ಷರಗಳೇ ಅರ್ಥವಿಲ್ಲದ ಅಂಕಿಗಳ ರಾಶಿಯಾಗುತ್ತವೆ. ಡ್ರೈವನ್ನು ಎಲ್ಲಿಗೆ ಒಯ್ದು ಯಾವುದಕ್ಕೆ ಜೋಡಿಸಿದರೂ ಕೀಲಿಯಿಲ್ಲದೆ ಆ ರಾಶಿ ರಾಶಿಯಾಗಿಯೇ ಉಳಿಯುತ್ತದೆ.

ಮುಂದಿನ ಹಲವು ಉತ್ತರಗಳಿಗೆ ಆಧಾರವಾದ ಒಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ. ನೀವು ಟೈಪ್ ಮಾಡುವ ಪಾಸ್‌ವರ್ಡ್ ನೇರವಾಗಿ ಕಡತಗಳನ್ನು ಬಿಡಿಸುವುದಿಲ್ಲ. ತಂತ್ರಾಂಶವು ಡ್ರೈವಿಗೆಂದೇ ಒಂದು ಮೂಲ ಕೀಲಿಯನ್ನು ತಾನೇ ಸೃಷ್ಟಿಸಿಕೊಂಡು, ಅದರಿಂದ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ. ಆ ಮೂಲ ಕೀಲಿಯನ್ನು ಡ್ರೈವಿನ ಒಂದು ಮೂಲೆಯಲ್ಲಿ, ನಿಮ್ಮ ಪಾಸ್‌ವರ್ಡಿನಿಂದ ಬೀಗ ಹಾಕಿ ಇಡುತ್ತದೆ. ದೇವಸ್ಥಾನದ ಭಂಡಾರದ ಕೀಲಿಯನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಕೀಲಿಯನ್ನು ಮೊಕ್ತೇಸರರು ಸೊಂಟದಲ್ಲಿ ಇಟ್ಟುಕೊಂಡ ಹಾಗೆ. ಸಣ್ಣ ಪೆಟ್ಟಿಗೆ ಇರುವ ಆ ಮೂಲೆಗೆ ಹೆಡರ್ ಎಂದು ಹೆಸರು.

ನನ್ನ ಡ್ರೈವಿನಲ್ಲಿ ರಹಸ್ಯವೇನೂ ಇಲ್ಲ. ನನಗೆ ಇದು ಬೇಕೇ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಮ್ಮೆ ಮಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ಚೀಲ ಮರೆತು ಇಳಿದೆ. ಡ್ರೈವ್ ಅದರಲ್ಲಿತ್ತು. ಮನೆಗೆ ಬಂದು ಕುಳಿತು, ಅದರಲ್ಲಿ ಏನೇನಿತ್ತು ಎಂದು ಪಟ್ಟಿ ಮಾಡಿದೆ. ಮನೆಯವರೆಲ್ಲರ ಆಧಾರ್ ಮತ್ತು ಪಾನ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್, ಹೆಂಡತಿಯ ಆಸ್ಪತ್ರೆಯ ವರದಿಗಳು, ಅಜ್ಜನ ಕಾಲದ ಮೂಲಗೇಣಿ ಚೀಟಿಯಿಂದ ಹಿಡಿದು ಇತ್ತೀಚಿನ ತೆರಿಗೆ ರಸೀದಿಯವರೆಗೆ ಜಾಗದ ಕಾಗದಗಳು, ಸಾಲದ್ದಕ್ಕೆ ನನ್ನನ್ನು ನಂಬಿ ಕೊಟ್ಟ ನಾಲ್ಕು ಮನೆಯವರ ದಾಖಲೆಗಳು. ಚೀಲ ಮರುದಿನ ಸಿಕ್ಕಿತು, ಡ್ರೈವೂ ಇತ್ತು. ಅದನ್ನು ಯಾರಾದರೂ ನಕಲು ಮಾಡಿಕೊಂಡರೇ ಎಂದು ತಿಳಿಯುವ ಉಪಾಯ ಇಂದಿಗೂ ನನ್ನಲ್ಲಿಲ್ಲ. ಆ ನಾಲ್ಕು ಮನೆಗಳಿಗೂ ಹೋಗಿ ನಡೆದದ್ದನ್ನು ಹೇಳಿ ಬಂದೆ. ಎನ್‌ಕ್ರಿಪ್ಟ್ ಮಾಡಿದ್ದರೆ ಹೋಗುತ್ತಿದ್ದುದು ಡ್ರೈವಿನ ಬೆಲೆ ಮಾತ್ರ.

ಹಾಗಾದರೆ ಇರುವುದನ್ನೆಲ್ಲ ಎನ್‌ಕ್ರಿಪ್ಟ್ ಮಾಡಬೇಕೇ?

ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ.

ನಮ್ಮ ಕಡೆಯ ಹಿರಿಯರೊಬ್ಬರು ಸುಮಾರು ಮೂವತ್ತು ವರ್ಷ ಊರೂರು ತಿರುಗಿ ತಾಳಮದ್ದಳೆ, ಆಟಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಅಂಥ ಸಂಗ್ರಹದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಎಲ್ಲವನ್ನೂ ಒಂದು ಡ್ರೈವಿಗೆ ಹಾಕಿ, ಯಾರೋ ಹೇಳಿದರೆಂದು ಎನ್‌ಕ್ರಿಪ್ಟ್ ಮಾಡಿದರು. ಅವರು ತೀರಿಕೊಂಡ ಮೇಲೆ ಮಕ್ಕಳು ಆ ಡ್ರೈವನ್ನು ನನ್ನಲ್ಲಿಗೆ ತಂದರು. ಪಾಸ್‌ವರ್ಡ್ ಯಾರಿಗೂ ತಿಳಿದಿರಲಿಲ್ಲ. ಅವರ ಡೈರಿ, ಪಂಚಾಂಗದ ಅಂಚು, ಫೋನ್ ಪುಸ್ತಕ ಎಲ್ಲವನ್ನೂ ಹುಡುಕಿದೆವು. ಡ್ರೈವ್ ಇಂದಿಗೂ ಸುಸ್ಥಿತಿಯಲ್ಲಿದೆ, ಜೋಡಿಸಿದರೆ ದೀಪ ಹೊತ್ತುತ್ತದೆ. ಒಳಗಿನ ಒಂದು ಭಾಗವತಿಕೆಯೂ ನಮಗೆ ಕೇಳಿಸುವುದಿಲ್ಲ.

ಆದ್ದರಿಂದ ನನ್ನ ಕ್ರಮ ಹೀಗಿದೆ. ಗುರುತಿನ ದಾಖಲೆ, ಹಣಕಾಸು, ಆರೋಗ್ಯ, ಜಾಗದ ಕಾಗದ, ಮನೆಯ ಖಾಸಗಿ ಫೋಟೊ, ಬೇರೆಯವರು ನಂಬಿ ಕೊಟ್ಟದ್ದು, ಇವೆಲ್ಲ ಎನ್‌ಕ್ರಿಪ್ಟ್ ಮಾಡಿದ ಡ್ರೈವಿಗೆ. ಪ್ರಸಂಗದ ಪ್ರತಿಗಳು, ಧ್ವನಿಮುದ್ರಣ, ಊರಿನ ಹಳೆಯ ಫೋಟೊ, ಶಾಲೆಯ ಸ್ಮರಣಸಂಚಿಕೆ ಮುಂತಾದವು ಬೀಗವಿಲ್ಲದ ಬೇರೆ ಡ್ರೈವಿಗೆ, ಸಾಧ್ಯವಾದಷ್ಟು ಹೆಚ್ಚು ಮನೆಗಳಿಗೆ. ಊರಿನ ಸೊತ್ತನ್ನು ಕಾಯುವುದು ಪ್ರತಿಗಳ ಸಂಖ್ಯೆ.

ಯಾವ ತಂತ್ರಾಂಶ ಬಳಸಲಿ?

ಮನೆಯಲ್ಲಿರುವುದೆಲ್ಲ ವಿಂಡೋಸ್ ಆದರೆ ಅದರೊಳಗೇ ಬರುವ ಬಿಟ್‌ಲಾಕರ್ ಸಾಕು. ಹೊರಗಿನ ಡ್ರೈವುಗಳಿಗೆ ಇದು ಬಂದದ್ದು 2009ರ ವಿಂಡೋಸ್ 7ರಿಂದ. ಒಂದು ತೊಡಕು ಮಾತ್ರ ಇದೆ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಹೊಸ ಡ್ರೈವಿಗೆ ಬಿಟ್‌ಲಾಕರ್ ಹಾಕಲು ಆಗುವುದಿಲ್ಲ, ಪ್ರೊ ಆವೃತ್ತಿ ಬೇಕು. ಆದರೆ ಬೇರೆಡೆ ಬಿಟ್‌ಲಾಕರ್ ಹಾಕಿಸಿ ತಂದ ಡ್ರೈವನ್ನು ಹೋಮ್ ಆವೃತ್ತಿಯೂ ತೆರೆಯುತ್ತದೆ, ಬರೆಯಲೂ ಬಿಡುತ್ತದೆ. ಅಂಗಡಿಯಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಹೋಮ್ ಆವೃತ್ತಿಯೇ ಇರುವುದರಿಂದ ಇದು ತಿಳಿದಿರಲಿ.

ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡಬೇಕಾದರೆ ವೆರಾಕ್ರಿಪ್ಟ್. ಉಚಿತ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಹಿಂದಿನ ಟ್ರೂಕ್ರಿಪ್ಟ್‌ನ ಕವಲಾಗಿ 2013ರಲ್ಲಿ ಹುಟ್ಟಿತು. ಟ್ರೂಕ್ರಿಪ್ಟ್ ಮರುವರ್ಷ ಮೇ ತಿಂಗಳಲ್ಲಿ ನಿಂತುಹೋಯಿತು. ಯಾರಲ್ಲಾದರೂ ಆ ಕಾಲದ ಟ್ರೂಕ್ರಿಪ್ಟ್ ಕಡತಗಳು ಉಳಿದಿದ್ದರೆ ತಡಮಾಡದೆ ಹೊರತೆಗೆದುಕೊಳ್ಳಿ. ವೆರಾಕ್ರಿಪ್ಟ್‌ನ 1.26ನೇ ಆವೃತ್ತಿಯಿಂದ ಅವುಗಳನ್ನು ತೆರೆಯುವ ಸೌಲಭ್ಯವನ್ನೇ ತೆಗೆದಿದ್ದಾರೆ, 1.25.9 ಬೇಕಾಗುತ್ತದೆ.

ಲಿನಕ್ಸ್ ಮಾತ್ರ ಬಳಸುವವರಿಗೆ ಲಕ್ಸ್ ಇದೆ. ಮ್ಯಾಕ್ ಮಾತ್ರ ಇದ್ದರೆ ಡಿಸ್ಕ್ ಯುಟಿಲಿಟಿಯಲ್ಲೇ ಎನ್‌ಕ್ರಿಪ್ಟ್ ಮಾಡಿದ ಎಪಿಎಫ್‌ಎಸ್ ಆಯ್ಕೆ ಇದೆ, ಅದು ವಿಂಡೋಸ್‌ನಲ್ಲಿ ತೆರೆಯುವುದಿಲ್ಲ.

ನಾನು ಶಾಲಾ ಶಿಕ್ಷಕಿ. ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು, ಮನೆಯಲ್ಲಿ ವಿಂಡೋಸ್. ಎರಡರಲ್ಲೂ ತೆರೆಯಬಹುದೇ?

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಉಬುಂಟು ಆಧಾರಿತ ಲಿನಕ್ಸನ್ನೇ ಕೊಡುತ್ತಿರುವುದರಿಂದ ನಮ್ಮ ಜಿಲ್ಲೆಯ ಕನ್ನಡ ಶಿಕ್ಷಕರೆಲ್ಲರಿಗೂ ಇದು ನಿತ್ಯದ ಪ್ರಶ್ನೆ. ಮಂಗಳೂರಿನ ಅಂಗಡಿಯಲ್ಲಿ ಕೇಳಿದರೆ ಇದಕ್ಕೆ ಉತ್ತರ ಸಿಗುವುದು ಕಷ್ಟ, ಅಲ್ಲಿನವರಿಗೆ ಈ ಸಮಸ್ಯೆಯೇ ಬರುವುದಿಲ್ಲ.

ತೆರೆಯಬಹುದು. ಲಿನಕ್ಸ್‌ನ ಕ್ರಿಪ್ಟ್‌ಸೆಟಪ್ ಎಂಬ ಸಲಕರಣೆ 2020ರ 2.3ನೇ ಆವೃತ್ತಿಯಿಂದ ಬಿಟ್‌ಲಾಕರ್ ಡ್ರೈವುಗಳನ್ನು ಗುರುತಿಸುತ್ತದೆ. ಉಬುಂಟು 22.04 ಅಥವಾ ಅದರ ನಂತರದ್ದಿದ್ದರೆ ಡ್ರೈವ್ ಜೋಡಿಸಿದಾಗ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ತೆರೆಯುತ್ತದೆ. ಅದಕ್ಕಿಂತ ಹಳೆಯದಾದರೆ ಡ್ರೈವನ್ನು ಬಿಟ್‌ಲಾಕರ್ ಬದಲು ವೆರಾಕ್ರಿಪ್ಟ್‌ನಿಂದಲೇ ಎನ್‌ಕ್ರಿಪ್ಟ್ ಮಾಡಿರಬೇಕು. ವೆರಾಕ್ರಿಪ್ಟನ್ನು ಹಾಕಲೂ ಡ್ರೈವನ್ನು ತೆರೆಯಲೂ ಆ ಲ್ಯಾಪ್‌ಟಾಪ್‌ನ ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ, ಹಾಗಾಗಿ ಶಾಲೆಯ ಐಟಿ ಹೊಣೆಯಲ್ಲಿರುವವರನ್ನು ಮೊದಲೇ ಕೇಳಿಕೊಳ್ಳಿ. ಮಕ್ಕಳ ಅಂಕಪಟ್ಟಿ, ಪೋಷಕರ ವಿವರ ಒಯ್ಯುವ ಪೆನ್ ಡ್ರೈವನ್ನೂ ಇದೇ ರೀತಿ ಎನ್‌ಕ್ರಿಪ್ಟ್ ಮಾಡಿ. ಅದು ನಮ್ಮ ಸೊತ್ತಲ್ಲ, ಮಕ್ಕಳದ್ದು.

ಹೊಸ ಡ್ರೈವಿಗೆ ಬಿಟ್‌ಲಾಕರ್ ಹಾಕುವಾಗ ಏನೇನೋ ಕೇಳುತ್ತದೆ. ಯಾವುದನ್ನು ಆರಿಸಲಿ?

ಡ್ರೈವಿನ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಬಿಟ್‌ಲಾಕರ್ ಆರಂಭಿಸಿ. ಪಾಸ್‌ವರ್ಡ್ ಆಯ್ಕೆಯನ್ನು ಆರಿಸಿ. ಆಮೇಲೆ ರಿಕವರಿ ಕೀಯನ್ನು (ಪಾಸ್‌ವರ್ಡ್ ಮರೆತಾಗ ತೆರೆಯುವ ಎರಡನೆಯ ಕೀಲಿ) ಎಲ್ಲಿಡಲಿ ಎಂದು ಕೇಳುತ್ತದೆ. ಮುದ್ರಿಸಿಕೊಳ್ಳಿ, ಕಡತವಾಗಿಯೂ ಬೇರೊಂದೆಡೆ ಉಳಿಸಿ.

ಮುಂದಿನ ಪ್ರಶ್ನೆಯಲ್ಲಿ ಹಲವರು ಎಡವುತ್ತಾರೆ. ‘ಬಳಸಿದ ಜಾಗ ಮಾತ್ರ’ವೋ ‘ಇಡೀ ಡ್ರೈವ್’ ಎಂಬುದೋ? ಪೊಟ್ಟಣ ಬಿಚ್ಚಿದ ಹೊಸ ಡ್ರೈವಾದರೆ ಬಳಸಿದ ಜಾಗ ಸಾಕು, ಕ್ಷಣದಲ್ಲಿ ಮುಗಿಯುತ್ತದೆ. ಹಳೆಯ ಡ್ರೈವಾದರೆ ಇಡೀ ಡ್ರೈವನ್ನೇ ಆರಿಸಿ. ನೀವು ಅಳಿಸಿದ ಕಡತಗಳ ಅವಶೇಷ ಖಾಲಿ ಜಾಗದಲ್ಲಿ ಹಾಗೆಯೇ ಇರುತ್ತದೆ. ಅದನ್ನು ಮುಟ್ಟದೆ ಬಿಟ್ಟರೆ ಹೊರಗಿನವರು ಹೆಕ್ಕಿಕೊಳ್ಳಬಹುದು. ಕೊನೆಗೆ ಕೇಳುವ ವಿಧಾನದಲ್ಲಿ, ಬೇರೆ ಬೇರೆ ಕಂಪ್ಯೂಟರುಗಳಿಗೆ ಒಯ್ಯುವ ಡ್ರೈವಿಗೆ ಹೊಂದಾಣಿಕೆಯ ವಿಧಾನವನ್ನೇ ಆರಿಸಿ.

ಎಷ್ಟು ಹೊತ್ತು ಬೇಕು? ನಡುವೆ ಕರೆಂಟು ಹೋದರೆ?

ಲೆಕ್ಕ ಸುಲಭ. ಸೆಕೆಂಡಿಗೆ 100 ಮೆಗಾಬೈಟ್ ಓಡುವ ಹಾರ್ಡ್ ಡಿಸ್ಕಿಗೆ 1 ಟೆರಾಬೈಟ್ ದಾಟಲು 10,000 ಸೆಕೆಂಡು, ಅಂದರೆ ಮೂರು ಗಂಟೆಗೆ ತುಸು ಕಡಿಮೆ. ಇಡೀ ಡ್ರೈವನ್ನು ಎನ್‌ಕ್ರಿಪ್ಟ್ ಮಾಡುವಾಗ ಓದಿ ಮತ್ತೆ ಬರೆಯಬೇಕಾದ್ದರಿಂದ ಅದರ ಇಮ್ಮಡಿ ಎಂದಿಟ್ಟುಕೊಳ್ಳಿ. ಹಳೆಯ ಯುಎಸ್‌ಬಿ 2 ಕಿಂಡಿಗೆ ಸಿಕ್ಕಿಸಿದರೆ ರಾತ್ರಿಯಿಡೀ ಕಳೆದರೂ ಮುಗಿಯಲಿಕ್ಕಿಲ್ಲ.

ಈ ಕೆಲಸಕ್ಕೆ ಡೆಸ್ಕ್‌ಟಾಪ್ ಬೇಡ, ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್ ಬಳಸಿ. ಕರೆಂಟು ಹೋದರೂ ಓಡುತ್ತಿರುತ್ತದೆ. ನಡುವೆ ನಿಲ್ಲಿಸಲೇಬೇಕಾದರೆ ಮೊದಲು ವಿರಾಮದ ಗುಂಡಿ ಒತ್ತಿ, ಆಮೇಲಷ್ಟೇ ಡ್ರೈವನ್ನು ತೆಗೆಯಿರಿ. ಹಾಗೆಯೇ ಎಳೆದು ತೆಗೆದರೆ ಕಡತಗಳು ಕೆಡಬಹುದು. ಗುಡುಗುಮಳೆ ಶುರುವಾಗುವ ಮೊದಲು, ಮಾರ್ಚಿನಲ್ಲೇ ಮಾಡಿ ಮುಗಿಸಿದರೆ ಇನ್ನೂ ಒಳ್ಳೆಯದು.

ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲೇ ಹಾಕಬಹುದೇ?

ನನಗೂ ಆ ಆಸೆ ಇತ್ತು. ಮಾಡಿ, ಪೆಟ್ಟು ತಿಂದು ಬಿಟ್ಟೆ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ತುಣುಕುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಅರ್ಕಾವೊತ್ತಿನ ಬದಲು ರಕಾರವನ್ನು ಪೂರ್ತಿಯಾಗಿ ಉಳಿಸಲು ನಡುವೆ ಕಾಣದ ಒಂದು ಸಂಕೇತ ಸೇರುತ್ತದೆ. ಒಂದು ಕೀಲಿಮಣೆ ಒಂದು ರೀತಿ ಬರೆದರೆ ಇನ್ನೊಂದು ಇನ್ನೊಂದು ರೀತಿ ಬರೆಯುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಚುಕ್ಕಿಗಳು ಮಾತ್ರ ಕಾಣುವುದರಿಂದ ಎಲ್ಲಿ ತಪ್ಪಿತೆಂದು ತಿಳಿಯುವುದೇ ಇಲ್ಲ.

ಕನ್ನಡದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಕ್ಷೇಮ. ಮನೆಯಲ್ಲಿರುವ ನಿಘಂಟನ್ನು ಕಣ್ಣು ಮುಚ್ಚಿ ಆರು ಸಲ ತೆರೆದು, ಬೆರಳು ಬಿದ್ದ ಆರು ಪದಗಳನ್ನು ತೆಗೆದುಕೊಳ್ಳಿ. ಮಡಲು, ವಕೀಲ, ಗಂಜಿ, ನಕ್ಷತ್ರ, ಕೊಡಪಾನ, ಮುನಿಸು, ಹೀಗೆ ಒಂದಕ್ಕೊಂದು ಸಂಬಂಧವೇ ಇರಬಾರದು. (ಇವನ್ನೇ ಬಳಸಬೇಡಿ.) 10,000 ಪದಗಳ ನಿಘಂಟಿನಿಂದ ಆರು ಪದ ಹೆಕ್ಕಿದರೆ ಆಗುವ ಸಾಧ್ಯತೆಗಳು 1ರ ಮುಂದೆ 24 ಸೊನ್ನೆ. ತುಳು, ಹವ್ಯಕ, ಮಲಯಾಳ, ಬ್ಯಾರಿ ಎಲ್ಲವನ್ನೂ ಕೇಳಿ ಬೆಳೆದ ನಮ್ಮಂಥವರಿಗೆ ಪದಗಳ ಬಡತನವಿಲ್ಲ. ಗಡಿನಾಡಿನಲ್ಲಿ ಎಲ್ಲರ ಬಾಯಲ್ಲಿರುವ ಕವಿತೆಯ ಸಾಲು, ಕುಲದೇವರ ಹೆಸರು, ಮನೆತನದ ಹೆಸರು, ಹುಟ್ಟಿದ ಇಸವಿ, ಇವು ಮಾತ್ರ ಬೇಡ. ಇಂಗ್ಲಿಷಿನಲ್ಲಿ ಬರೆಯುವಾಗ ಕಾಗುಣಿತವನ್ನು ಮೊದಲೇ ನಿರ್ಧರಿಸಿ ಕಾಗದದಲ್ಲಿ ಬರೆದಿಡಿ. ‘ಅಡಿಕೆ’ಯನ್ನು ಹತ್ತು ಜನ ಹತ್ತು ರೀತಿ ಬರೆಯುತ್ತಾರೆ.

48 ಅಂಕಿಗಳ ರಿಕವರಿ ಕೀ ಎಂದರೇನು? ಅದನ್ನು ಕೈಯಲ್ಲಿ ಬರೆದಿಟ್ಟುಕೊಳ್ಳಬಹುದೇ?

ಬಿಟ್‌ಲಾಕರ್ ಕೊಡುವ ಎರಡನೆಯ ಕೀಲಿ ಅದು. ಪಾಸ್‌ವರ್ಡ್ ಮರೆತರೆ ಇದೊಂದರಿಂದಲೇ ಡ್ರೈವ್ ತೆರೆಯುತ್ತದೆ. ಆರಾರು ಅಂಕಿಗಳ ಎಂಟು ಗುಂಪು ಇರುತ್ತದೆ.

ಕೈಯಲ್ಲಿ ಖಂಡಿತ ಬರೆಯಬಹುದು. ಬರೆದದ್ದು ಸರಿಯಿದೆಯೇ ಎಂದು ನೋಡಲು ಒಂದು ಉಪಾಯವೂ ಇದೆ. ಪ್ರತಿಯೊಂದು ಗುಂಪಿನ ಆರಂಕಿ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಶೇಷ ಉಳಿದರೆ ಆ ಗುಂಪಿನಲ್ಲಿ ಒಂದು ಅಂಕಿ ತಪ್ಪಿದೆ ಎಂದರ್ಥ. ಈ ಜಾಣತನವನ್ನು ಅದರೊಳಗೆ ಇಟ್ಟವರನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಜೊತೆಗೆ ಕೀಯ ಗುರುತಿನ ಸಂಕೇತವೊಂದು ಮುದ್ರಿತವಾಗಿರುತ್ತದೆ. ಅದರ ಮೊದಲ ಎಂಟು ಅಕ್ಷರಗಳನ್ನೂ ಬರೆದುಕೊಳ್ಳಿ. ಎರಡು ಮೂರು ಡ್ರೈವುಗಳಿದ್ದರೆ ಯಾವ ಕಾಗದ ಯಾವುದಕ್ಕೆ ಎಂದು ಅದರಿಂದಲೇ ತಿಳಿಯುವುದು. ಡ್ರೈವಿನ ಚೀಲದೊಳಗೆ ಮಾತ್ರ ಈ ಕಾಗದವನ್ನು ಇಡಬೇಡಿ. ಹಾಗೆ ಇಟ್ಟವರನ್ನು ನಾನು ಕಂಡಿದ್ದೇನೆ.

ಪಾಸ್‌ವರ್ಡ್ ಬದಲಿಸಿದರೆ ಮತ್ತೆ ಗಂಟೆಗಟ್ಟಲೆ ಕಾಯಬೇಕೇ?

ಇಲ್ಲ. ಬದಲಾಗುವುದು ಸಣ್ಣ ಪೆಟ್ಟಿಗೆಯ ಬೀಗ ಮಾತ್ರ. ಒಳಗಿನ ಮೂಲ ಕೀಲಿ ಅದೇ, ಕಡತಗಳೂ ಹಾಗೆಯೇ ಇರುತ್ತವೆ, ಆದ್ದರಿಂದ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಇದರಲ್ಲೇ ಒಂದು ಅಪಾಯವೂ ಅಡಗಿದೆ. ಹಳೆಯ ಪಾಸ್‌ವರ್ಡ್ ತಿಳಿದವರು ಹಿಂದೆಯೇ ಹೆಡರಿನ ನಕಲನ್ನೂ ತೆಗೆದುಕೊಂಡಿದ್ದರೆ, ನೀವು ಪಾಸ್‌ವರ್ಡ್ ಬದಲಿಸಿದ ಮೇಲೂ ಆ ನಕಲಿನಿಂದ ತೆರೆಯಬಲ್ಲರು. ಅಂಥ ಅನುಮಾನ ನಿಜವಾಗಿಯೂ ಇದ್ದರೆ ಡ್ರೈವನ್ನು ಖಾಲಿ ಮಾಡಿ ಮೊದಲಿನಿಂದ ಎನ್‌ಕ್ರಿಪ್ಟ್ ಮಾಡಬೇಕು.

ನನ್ನ ಕಂಪ್ಯೂಟರಿನಲ್ಲಿ ತಾನಾಗಿಯೇ ತೆರೆಯುವಂತೆ ಮಾಡಿದ್ದೇನೆ. ಸರಿಯೇ?

ನಾನು ಒಪ್ಪುವುದಿಲ್ಲ. ಲ್ಯಾಪ್‌ಟಾಪೂ ಡ್ರೈವೂ ಒಂದೇ ಚೀಲದಲ್ಲಿ ಕಳೆದುಹೋದರೆ ಬೀಗವಿದ್ದೂ ಇಲ್ಲದಂತೆ. ಅದಕ್ಕಿಂತ ದೊಡ್ಡ ತೊಂದರೆ ಮರೆವು. ವಾರಕ್ಕೊಮ್ಮೆ ಕೈಯಾರೆ ಟೈಪ್ ಮಾಡಿದ ಪಾಸ್‌ವರ್ಡ್ ಬೆರಳುಗಳಿಗೇ ನೆನಪಿರುತ್ತದೆ. ತಾನಾಗಿ ತೆರೆಯುತ್ತಿದ್ದರೆ ಎರಡು ವರ್ಷದ ಬಳಿಕ ಲ್ಯಾಪ್‌ಟಾಪ್ ಕೆಟ್ಟ ದಿನ, ಏನು ಹಾಕಿದ್ದೆ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಡ್ರೈವ್ ಜೋಡಿಸಿದ ಕೂಡಲೇ ‘ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಹೇಳುತ್ತದೆ. ಕೆಟ್ಟಿದೆಯೇ?

ಕೆಟ್ಟಿಲ್ಲ. ಫಾರ್ಮ್ಯಾಟ್ ಒತ್ತಬೇಡಿ, ಆ ಕಿಟಕಿಯನ್ನು ಮುಚ್ಚಿ. ಇಡೀ ಡ್ರೈವನ್ನು ವೆರಾಕ್ರಿಪ್ಟ್ ಅಥವಾ ಲಕ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ್ದರೆ ವಿಂಡೋಸ್‌ಗೆ ಅಲ್ಲಿ ಏನಿದೆ ಎಂದು ತಿಳಿಯುವುದಿಲ್ಲ, ಖಾಲಿ ಡ್ರೈವೆಂದು ಭಾವಿಸಿ ಕೇಳುತ್ತದೆ. ಮನೆಯಲ್ಲಿ ಮಕ್ಕಳು, ಅಂಗಡಿಯಲ್ಲಿ ಹುಡುಗರು ‘ಹೌದು’ ಒತ್ತಿಬಿಡುವುದು ಇಲ್ಲಿಯೇ. ನಾನು ಡ್ರೈವಿನ ಬೆನ್ನಿಗೆ ‘ಫಾರ್ಮ್ಯಾಟ್ ಮಾಡಬಾರದು’ ಎಂದು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಅಂಟಿಸಿದ್ದೇನೆ. ಇಡೀ ಡ್ರೈವಿನ ಬದಲು, ಸಾಮಾನ್ಯ ಡ್ರೈವಿನೊಳಗೆ ಒಂದು ದೊಡ್ಡ ವೆರಾಕ್ರಿಪ್ಟ್ ಕಡತವನ್ನು ಮಾಡಿ ಅದರಲ್ಲಿ ಎಲ್ಲವನ್ನೂ ಇಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ.

ಈಗಾಗಲೇ ಒತ್ತಿಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ, ಅದರ ಮೇಲೆ ಏನನ್ನೂ ಬರೆಯಬೇಡಿ. ವೆರಾಕ್ರಿಪ್ಟ್ ಹೆಡರಿನ ಇನ್ನೊಂದು ಪ್ರತಿಯನ್ನು ಡ್ರೈವಿನ ಕೊನೆಯಲ್ಲಿ ಇಟ್ಟಿರುತ್ತದೆ, ಅದರಿಂದ ಮರಳಿ ತರುವ ಆಯ್ಕೆ ಅದರ ಸಲಕರಣೆಗಳ ಪಟ್ಟಿಯಲ್ಲಿದೆ. ಬಿಟ್‌ಲಾಕರ್ ಕೂಡ ಕೀಲಿಯ ಮಾಹಿತಿಯ ಮೂರು ಪ್ರತಿಗಳನ್ನು ಡ್ರೈವಿನ ಬೇರೆ ಬೇರೆ ಕಡೆ ಇಡುತ್ತದೆ. ಲಕ್ಸ್‌ನಲ್ಲಿ ಕೀಲಿಗಳಿರುವ ಜಾಗ ಒಂದೇ, ಹಾಗಾಗಿ ಹೆಡರಿನ ನಕಲನ್ನು ನೀವೇ ಹೊರಗೆ ತೆಗೆದಿಡಬೇಕು.

ಪಾಸ್‌ವರ್ಡೂ ಇಲ್ಲ, ರಿಕವರಿ ಕೀಯೂ ಇಲ್ಲ. ಯಾರಾದರೂ ತೆರೆದುಕೊಡುತ್ತಾರೆಯೇ?

ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ ನೋಡಿ, ಡ್ರೈವ್ ಸಿದ್ಧಪಡಿಸಿದ ದಿನ ಕೀಯನ್ನು ಅಲ್ಲಿ ಉಳಿಸಿದ್ದಿರಬಹುದು. ಪಾಸ್‌ವರ್ಡಿನ ಬಹುಪಾಲು ನೆನಪಿದ್ದು ಒಂದೆರಡು ಅಕ್ಷರದಲ್ಲಿ ಅನುಮಾನವಿದ್ದರೆ, ನೆನಪಿರುವುದನ್ನೆಲ್ಲ ಬರೆದು ಸಾಧ್ಯವಾದ ರೂಪಗಳನ್ನು ಒಂದೊಂದಾಗಿ ಪರೀಕ್ಷಿಸುವ ತಂತ್ರಾಂಶಗಳಿವೆ. ಏನೂ ನೆನಪಿಲ್ಲದಿದ್ದರೆ ದಾರಿಯಿಲ್ಲ. ಈ ತಂತ್ರಾಂಶಗಳು ಎನ್‌ಕ್ರಿಪ್ಟ್ ಮಾಡಲು ಬಳಸುವ, 2001ರಿಂದ ಬಳಕೆಯಲ್ಲಿರುವ ಎಇಎಸ್ ವಿಧಾನವನ್ನು ಮುರಿದು ತೆರೆದುಕೊಡುತ್ತೇವೆ ಎಂದು ಮುಂಗಡ ಕೇಳುವವರಿಗೆ ಹಣ ಕೊಡಬೇಡಿ.

ಸಿಡಿಲಿಗೆ ಡ್ರೈವ್ ಕೆಟ್ಟಿತು. ಒಳಗಿನ ಡಿಸ್ಕನ್ನು ಬೇರೆ ಪೆಟ್ಟಿಗೆಗೆ ಹಾಕಿದರೆ ಓದಬಹುದೇ?

ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ತುಲಾ ತಿಂಗಳ ಗುಡುಗುಮಳೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಉಪಕರಣಗಳನ್ನು ಸುಟ್ಟಿವೆಯೋ ಲೆಕ್ಕವಿಲ್ಲ. ಬಿಟ್‌ಲಾಕರ್, ವೆರಾಕ್ರಿಪ್ಟ್, ಲಕ್ಸ್ ಹಾಕಿದ್ದಾದರೆ ಡಿಸ್ಕ್ ಸರಿಯಿರುವವರೆಗೆ ಎಲ್ಲಿ ಜೋಡಿಸಿದರೂ ಪಾಸ್‌ವರ್ಡಿನಿಂದ ತೆರೆಯಬಹುದು. ಆದರೆ ಕೆಲವು ಡ್ರೈವುಗಳ ಹೊರಪೆಟ್ಟಿಗೆಯಲ್ಲಿರುವ ಚಿಪ್ ತಾನೇ ಎನ್‌ಕ್ರಿಪ್ಟ್ ಮಾಡುತ್ತದೆ, ನೀವು ಪಾಸ್‌ವರ್ಡ್ ಹಾಕದಿದ್ದರೂ ಮಾಡುತ್ತದೆ. ಅಂಥದ್ದರ ಚಿಪ್ ಸುಟ್ಟರೆ ಡಿಸ್ಕನ್ನು ಹೊರತೆಗೆದು ಫಲವಿಲ್ಲ. ನಾನು ಚಿಪ್ಪನ್ನು ನೆಚ್ಚದೆ ತಂತ್ರಾಂಶವನ್ನೇ ಬಳಸುವುದಕ್ಕೆ ಇದೊಂದು ಕಾರಣ. ಇನ್ನೊಂದು, 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಎಸ್‌ಎಸ್‌ಡಿಗಳ (ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಬರೆದಿಡುವ ಡ್ರೈವುಗಳು) ಒಳಗಿನ ಎನ್‌ಕ್ರಿಪ್ಶನ್‌ನಲ್ಲಿ ದೊಡ್ಡ ದೋಷಗಳನ್ನು ತೋರಿಸಿದ್ದು. ಆ ಬಳಿಕ ಬಿಟ್‌ಲಾಕರ್ ಕೂಡ ಡ್ರೈವಿನ ಚಿಪ್ಪನ್ನು ನಂಬದೆ ತಾನೇ ಆ ಕೆಲಸ ಮಾಡುವ ಕ್ರಮಕ್ಕೆ ಬಂತು.

ಕೆಟ್ಟ ಡಿಸ್ಕನ್ನು ದುರಸ್ತಿಗೆ ಕೊಡುವಾಗ ಪಾಸ್‌ವರ್ಡ್ ಕೊಡಬೇಕಾಗಿಲ್ಲ. ‘ಇಡೀ ಡಿಸ್ಕಿನ ಯಥಾಪ್ರತಿಯನ್ನು ಇನ್ನೊಂದು ಡಿಸ್ಕಿಗೆ ತೆಗೆದುಕೊಡಿ’ ಎಂದು ಕೇಳಿ, ಮನೆಗೆ ತಂದು ನೀವೇ ತೆರೆಯಿರಿ. ಗುಡುಗುವಾಗ ಡ್ರೈವ್ ಕಂಪ್ಯೂಟರಿನಲ್ಲಿ ಇರಲೇಬಾರದು.

ಎನ್‌ಕ್ರಿಪ್ಟ್ ಮಾಡಿದರೆ ವೈರಸ್ ಬರುವುದಿಲ್ಲವೇ?

ಬರುತ್ತದೆ. ಡ್ರೈವ್ ತೆರೆದಿರುವಷ್ಟು ಹೊತ್ತು ನಿಮಗೆ ಕಾಣುವುದೆಲ್ಲ ವೈರಸ್ಸಿಗೂ ಕಾಣುತ್ತದೆ. ಕೆಲಸ ಮುಗಿದ ಕೂಡಲೇ ಮುಚ್ಚಿ, ಸುರಕ್ಷಿತವಾಗಿ ತೆಗೆಯುವ ಆಯ್ಕೆ ಒತ್ತಿ, ಕಪಾಟಿಗೆ ಸೇರಿಸಿ.

ಒಂದೇ ಡ್ರೈವ್ ಸಾಕೇ? ಎರಡನೆಯದನ್ನು ಎಲ್ಲಿಡಲಿ?

ಎನ್‌ಕ್ರಿಪ್ಟ್ ಮಾಡಿದ್ದು ಕಳ್ಳನಿಂದ ಕಾಯುತ್ತದೆ, ಒರಲೆಯಿಂದಲೂ ಬಿದ್ದು ಒಡೆಯುವುದರಿಂದಲೂ ಕಾಯುವುದಿಲ್ಲ. ಕನಿಷ್ಠ ಎರಡು ಡ್ರೈವ್, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಬೀಗವಿರುವುದರಿಂದ ಅದನ್ನು ನೆಂಟರಲ್ಲಿ ಇಡಲು ಸಂಕೋಚ ಬೇಡ.

ಬೇರೆ ಮನೆ ಎಂದರೆ ನಮ್ಮವರಿಗೆ ತಟ್ಟನೆ ಹೊಳೆಯುವುದು ಮಂಗಳೂರಿನಲ್ಲಿರುವ ಮಗಳ ಮನೆ. ನಾನೂ ಅಲ್ಲೇ ಇಟ್ಟಿದ್ದೆ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿಯನ್ನು ಮುಚ್ಚಿದಾಗ, ದಿನಾ ಹೋಗಿಬರುತ್ತಿದ್ದ ದಾರಿ ಒಂದೇ ರಾತ್ರಿಗೆ ಪರದೇಶವಾಯಿತು. 1956ರಲ್ಲಿ ಎಳೆದ ಗೆರೆ ಮಣ್ಣಿನ ದಿಬ್ಬವಾಗಿ ಎದುರು ನಿಂತಿತು. ಆಸ್ಪತ್ರೆಗೆ ಹೋಗಲಾಗದವರ ಸಂಕಟದ ಮುಂದೆ ನನ್ನ ಡ್ರೈವಿನ ಚಿಂತೆ ಏನೂ ಅಲ್ಲ, ಆದರೂ ಪಾಠ ಕಲಿತೆ. ಈಗ ಒಂದು ಪ್ರತಿ ಗಡಿಯ ಆಚೆ, ಒಂದು ಈಚೆ ಚಂದ್ರಗಿರಿಯ ದಕ್ಷಿಣಕ್ಕೆ ಗೆಳೆಯರ ಮನೆಯಲ್ಲಿ, ಒಂದು ನನ್ನಲ್ಲಿ.

ಮಳೆಗಾಲದಲ್ಲಿ ಹೇಗೆ ಕಾಪಾಡುವುದು?

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಪುಸ್ತಕದ ರಟ್ಟಿಗೇ ಬೂಸಲು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು. ಆರು ತಿಂಗಳಿಗೊಮ್ಮೆ ಜೋಡಿಸಿ ಓಡಿಸಿ. ಎಸ್‌ಎಸ್‌ಡಿಯಾದರೆ ಇದು ಕಡ್ಡಾಯ, ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಇಟ್ಟರೆ ಅದರಲ್ಲಿ ಬರೆದದ್ದು ನಿಧಾನವಾಗಿ ಸೋರಿಹೋಗಬಹುದು.

ಅಕ್ಷಯ ಕೇಂದ್ರಕ್ಕೋ ಝೆರಾಕ್ಸ್ ಅಂಗಡಿಗೋ ಈ ಡ್ರೈವನ್ನು ಒಯ್ಯಬಹುದೇ?

ಒಯ್ಯಬೇಡಿ. ಬೇರೆಯವರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಅದು ಅಲ್ಲಿ ಉಳಿಯುವುದಿಲ್ಲ ಎಂದು ಹೇಳಲಾಗದು. ಬೇಕಾದ ಒಂದು ಕಾಗದವನ್ನು ಮಾತ್ರ ಮನೆಯಲ್ಲೇ ಬೇರೆ ಪೆನ್ ಡ್ರೈವಿಗೆ ಹಾಕಿ ಒಯ್ಯಿರಿ, ಕೆಲಸವಾದ ಮೇಲೆ ಅಳಿಸಿ.

ಮೊಬೈಲಿಗೆ ಜೋಡಿಸಬಹುದೇ?

ಆಂಡ್ರಾಯ್ಡ್ ಫೋನು ಬಿಟ್‌ಲಾಕರ್ ಡ್ರೈವನ್ನು ತಾನಾಗಿ ತೆರೆಯುವುದಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು, ಒಪ್ಪಬೇಡಿ.

ಎನ್‌ಕ್ರಿಪ್ಟ್ ಮಾಡುವುದು ಕಾನೂನಿಗೆ ವಿರುದ್ಧವೇ?

ಅಲ್ಲ. ಸ್ವಂತ ದಾಖಲೆಗಳನ್ನು ಹೀಗೆ ಕಾಪಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೇ ವಿಧಿಯಂತೆ ಸರಕಾರ ನಿರ್ದಿಷ್ಟ ಕಾರಣಗಳಿಗೆ ಆದೇಶ ಹೊರಡಿಸಿ ಬಿಡಿಸಿಕೊಡಲು ಕೇಳಬಹುದು, ಅದನ್ನು ಉಲ್ಲಂಘಿಸಿದರೆ ಶಿಕ್ಷೆಯಿದೆ.

ಹಳೆಯ ಡ್ರೈವನ್ನು ಮಾರುವಾಗ?

ಮೊದಲ ದಿನದಿಂದಲೇ ಎನ್‌ಕ್ರಿಪ್ಟ್ ಆಗಿದ್ದ ಡ್ರೈವಾದರೆ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಸಾಕು. ಮೂಲ ಕೀಲಿ ಅಳಿದ ಮೇಲೆ ಉಳಿದದ್ದು ಬರೀ ಅಂಕಿಗಳ ರಾಶಿ. ಬೀಗವಿಲ್ಲದೆ ಬಳಸಿದ ಪೆನ್ ಡ್ರೈವ್, ಎಸ್‌ಎಸ್‌ಡಿಗಳನ್ನು ಗುಜರಿಗೆ ಕೊಡಬೇಡಿ. ಅಳಿಸಿದ ಮೇಲೂ ಹಳೆಯ ಪ್ರತಿಗಳು ಅವುಗಳ ಒಳಗೆ ಉಳಿದಿರಬಹುದು. ಒಡೆದುಹಾಕಿ.

ನಾನು ಇಲ್ಲದಾದ ಮೇಲೆ ಮನೆಯವರು ಹೇಗೆ ತೆರೆಯುವುದು?

ತಾಳಮದ್ದಳೆಯ ಆ ಡ್ರೈವನ್ನು ಕಂಡ ಮೇಲೆ, ಈ ಪ್ರಶ್ನೆಯನ್ನು ಕೇಳದವರಿಗೂ ನಾನೇ ಉತ್ತರ ಹೇಳಲು ತೊಡಗಿದ್ದೇನೆ.

ಒಂದು ಹಾಳೆ ತೆಗೆದುಕೊಳ್ಳಿ. ಡ್ರೈವಿನ ಬಣ್ಣ, ಅದು ಇರುವ ಜಾಗ, ತೆರೆಯಲು ಬೇಕಾದ ತಂತ್ರಾಂಶದ ಹೆಸರು, ಪಾಸ್‌ವರ್ಡ್, 48 ಅಂಕಿಗಳು, ಫಾರ್ಮ್ಯಾಟ್ ಮಾಡಬಾರದೆಂಬ ಎಚ್ಚರಿಕೆ, ಒಳಗೆ ಯಾವ ಫೋಲ್ಡರಿನಲ್ಲಿ ಏನಿದೆ, ತಿಳಿಯದಿದ್ದರೆ ಯಾರನ್ನು ಕೇಳಬೇಕು, ಇಷ್ಟನ್ನೂ ಬರೆಯಿರಿ. ಪಾಸ್‌ವರ್ಡನ್ನು ಎರಡು ತುಂಡು ಮಾಡಿ ಇಬ್ಬರಿಗೆ ಹಂಚುವುದು ಬೇಡ, ಒಬ್ಬರ ತುಂಡು ಕಳೆದರೆ ಇನ್ನೊಬ್ಬರದ್ದೂ ವ್ಯರ್ಥ. ಪೂರ್ತಿ ಹಾಳೆಯ ಎರಡು ಪ್ರತಿ ಮಾಡಿ, ಲಕೋಟೆಗೆ ಹಾಕಿ ಅಂಟಿಸಿ, ಎರಡು ಮನೆಗಳಲ್ಲಿಡಿ. ಡ್ರೈವ್ ಇರುವ ಮನೆಯಲ್ಲಿ ಲಕೋಟೆ ಬೇಡ. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಟ್ಟರೆ ಸಾಲದು, ನೀವು ತೀರಿಕೊಂಡ ಮೇಲೆ ಅದನ್ನು ತೆರೆಯಿಸಲು ಮನೆಯವರು ಕಾಗದಪತ್ರ ಹಿಡಿದು ಓಡಾಡಬೇಕಾಗುತ್ತದೆ.

ಯಾವ ಭಾಷೆಯಲ್ಲಿ ಬರೆಯುತ್ತೀರಿ ಎಂಬುದನ್ನೂ ಯೋಚಿಸಿ. ನಮ್ಮ ಮನೆಯ ಹಳೆಯ ದಸ್ತಾವೇಜು ಕನ್ನಡದಲ್ಲಿದೆ, ಹೊಸದು ಮಲಯಾಳದಲ್ಲಿ, ಅದನ್ನು ನಾಳೆ ತೆರೆಯಬೇಕಾದ ಮೊಮ್ಮಗಳು ಓದಿದ್ದು ಇಂಗ್ಲಿಷಿನಲ್ಲಿ.

ಪ್ರತಿ ವರ್ಷ ಆಯುಧಪೂಜೆಯ ದಿನ, ಕತ್ತಿ ಹಾರೆಗಳನ್ನು ತೊಳೆದಿಡುವ ಹೊತ್ತಿಗೆ ಡ್ರೈವುಗಳನ್ನೂ ಹೊರತೆಗೆಯುತ್ತೇನೆ. ನಾನು ಮುಟ್ಟುವುದಿಲ್ಲ. ಮೊಮ್ಮಗಳು ಲಕೋಟೆ ಒಡೆದು, ಹಾಳೆ ನೋಡಿ ತಾನೇ ತೆರೆಯಬೇಕು. ಮೊದಲ ವರ್ಷ ತೆರೆಯಲಿಲ್ಲ. 48 ಅಂಕಿಗಳನ್ನು ನಾನು ಅಭ್ಯಾಸದಂತೆ ಕನ್ನಡ ಅಂಕಿಗಳಲ್ಲಿ ಬರೆದಿದ್ದೆ. ಗುಂಪುಗಳನ್ನು ಒಂದೊಂದಾಗಿ 11ರಿಂದ ಭಾಗಿಸುತ್ತ ಹೋದಾಗ ಐದನೆಯದರಲ್ಲಿ ಶೇಷ ಉಳಿಯಿತು. ಅವಳು ನನ್ನ ೬ನ್ನು ೯ ಎಂದು ಓದಿದ್ದಳು. ಆ ಹಾಳೆಯನ್ನು ಸುಟ್ಟು, ಮೇಲಿನ ಸಾಲಿನಲ್ಲಿ ಕನ್ನಡ ಅಂಕಿಗಳನ್ನೂ ಅವುಗಳ ಕೆಳಗೆ ಅವಳು ಓದುವ ಅಂಕಿಗಳನ್ನೂ ಹೊಸದಾಗಿ ಬರೆದೆ. ಮರುವರ್ಷ ನಾನು ಚಾವಡಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದಾಗ ಒಳಗಿನಿಂದ ‘ತೆರೆಯಿತು ಅಜ್ಜ’ ಎಂದು ಕೂಗಿದಳು.